ಅರ್ಧ ಪಾಟ್, ಇಡೀ ಪಾಟ್: ಹೈ-ಲೋ ಸ್ಟಡ್ ಪೋಕರ್‌ನ ಲೆಕ್ಕ

ಇವತ್ತಿನ ಸಂಚಿಕೆ ಇಸ್ಪೀಟಿನದು. ವಿಜ್ಞಾನದ ಪಾಡ್‌ಕಾಸ್ಟ್‌ನಲ್ಲಿ ಇಸ್ಪೀಟು ಯಾಕೆ ಅಂತ ಕೇಳೋರಿಗೆ ಒಂದು ಹಳೇ ಕಥೆ ನೆನಪಿಸ್ತೀನಿ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಒಂದು ಲೆಕ್ಕ ಬಿಡಿಸಿದರು. ಜೂಜಾಟ ನಡುವೆಯೇ ನಿಂತುಹೋದರೆ ಪಣದ ಹಣವನ್ನು ಆಟಗಾರರ ನಡುವೆ ಹೇಗೆ ಹಂಚಬೇಕು ಅನ್ನೋದು ಆ ಲೆಕ್ಕ. ನಾವು ಇವತ್ತು ಪ್ರಯೋಗಾಲಯದಲ್ಲಿ, ವಿಮೆ ಕಂಪನಿಯಲ್ಲಿ, ಹವಾಮಾನ ಇಲಾಖೆಯಲ್ಲಿ ಬಳಸೋ ಸಂಭವನೀಯತೆಯ ಗಣಿತ ಆ ಪತ್ರಗಳಿಂದಲೇ ಬೆಳೀತು.

ನಾನು ಇವತ್ತು ಆರಿಸಿಕೊಂಡಿರೋ ಆಟವೂ ಹಣ ಹಂಚೋ ಆಟವೇ. ಅದರ ಹೆಸರು ಸೆವೆನ್ ಕಾರ್ಡ್ ಸ್ಟಡ್ ಹೈ-ಲೋ, ಎಯ್ಟ್ ಆರ್ ಬೆಟರ್. ಟಿವಿಯಲ್ಲಿ ಕಾಣೋ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಗೆದ್ದವರು ಇಡೀ ಪಾಟ್, ಅಂದರೆ ಮೇಜಿನ ಮಧ್ಯೆ ಸೇರಿದ ಅಷ್ಟೂ ಹಣ, ತಗೋತಾರೆ. ಇಲ್ಲಿ ಹಾಗಲ್ಲ. ಅತಿ ದೊಡ್ಡ ಕೈಗೆ ಅರ್ಧ, ಅತಿ ಚಿಕ್ಕ ಕೈಗೆ ಅರ್ಧ. ಈ ಒಂದೇ ನಿಯಮ ಯಾವಾಗ ಹಣ ಕಟ್ಟಬೇಕು, ಯಾವಾಗ ಎಲೆ ಕೆಳಗಿಡಬೇಕು ಅನ್ನೋ ಲೆಕ್ಕವನ್ನ ಪೂರ್ತಿ ಬದಲಾಯಿಸುತ್ತೆ. ಹೇಗೆ ಅನ್ನೋದೇ ಇವತ್ತಿನ ಪಾಠ. ಪೆನ್ನು ಕಾಗದ ಹತ್ತಿರ ಇದ್ದರೆ ಒಳ್ಳೇದು.

ಮೊದಲು ನಿಯಮ

ಒಂದು ಮೇಜಿಗೆ ಹೆಚ್ಚೆಂದರೆ 8 ಜನ. ಎಲ್ಲರೂ ಮೊದಲೇ ಒಂದು ಸಣ್ಣ ಮೊತ್ತ ಹಾಕ್ತಾರೆ. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ, ಒಂದು ಎಲೆ ತೆರೆದು ಹಂಚ್ತಾರೆ. ಆಮೇಲೆ ನಾಲ್ಕನೇ, ಐದನೇ, ಆರನೇ ಎಲೆ ತೆರೆದು, ಏಳನೆಯದು ಮುಚ್ಚಿ. ಪ್ರತಿ ಎಲೆ ಬಂದ ಮೇಲೂ ಒಂದು ಸುತ್ತು ಪಣ. ನಮ್ಮ ಉದಾಹರಣೆಯಲ್ಲಿ 3ನೇ, 4ನೇ ಎಲೆಯ ಸುತ್ತಿನಲ್ಲಿ ಪಣ 10 ಡಾಲರ್, 5ನೇ ಎಲೆಯಿಂದ ಮುಂದೆ 20 ಡಾಲರ್ ಅಂತ ಇಟ್ಟುಕೊಳ್ಳೋಣ. ಈ ಡಬಲ್ ಆಗೋ ವಿಷಯ ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ.

ಕೊನೆಗೆ ಏಳು ಎಲೆಗಳಲ್ಲಿ ಯಾವುದಾದರೂ ಐದನ್ನ ಆರಿಸಿ ದೊಡ್ಡ ಕೈ, ಬೇರೆ ಐದನ್ನ ಆರಿಸಿ ಚಿಕ್ಕ ಕೈ ಮಾಡಬಹುದು. ಎರಡಕ್ಕೂ ಅದೇ ಐದು ಎಲೆ ಬಳಸಿದರೂ ಸರಿ. ಚಿಕ್ಕ ಕೈ, ಅಂದರೆ ಲೋ, ಆಗಬೇಕಾದರೆ ಒಂದು ಷರತ್ತಿದೆ: ಐದೂ ಎಲೆ 8 ಅಥವಾ ಅದಕ್ಕಿಂತ ಕೆಳಗಿರಬೇಕು, ಒಂದರಂತೆ ಇನ್ನೊಂದು ಇರಬಾರದು. ಎಕ್ಕ ಇಲ್ಲಿ 1 ಅಂತಲೂ ಲೆಕ್ಕ, ರಾಜನಿಗಿಂತ ದೊಡ್ಡದು ಅಂತಲೂ ಲೆಕ್ಕ. ಎಲೆಗಳು ಸಾಲಾಗಿದ್ದರೆ ಅಥವಾ ಒಂದೇ ಗುರುತಿನವಾದರೆ ಲೋಗೆ ಏನೂ ತೊಂದರೆ ಇಲ್ಲ. ಹಾಗಾಗಿ ಎಕ್ಕ-2-3-4-5 ಅತ್ಯುತ್ತಮ ಲೋ ಆಗುತ್ತೆ, ಅದೇ ಐದು ಎಲೆ ದೊಡ್ಡ ಕೈಯ ಕಡೆಗೆ ಸ್ಟ್ರೇಟ್ ಕೂಡ ಆಗುತ್ತೆ. ಯಾರಿಗೂ ಲೋ ಆಗದಿದ್ದರೆ ದೊಡ್ಡ ಕೈಯವರಿಗೆ ಇಡೀ ಪಾಟ್.

ಅರ್ಧ ಅಂದರೆ ಎಷ್ಟು?

ಹೊಸಬರು ಎಡವೋದು ಇಲ್ಲೇ. "ಅರ್ಧವಾದರೂ ಸಿಗುತ್ತಲ್ಲ" ಅಂತ ಕೂತಿರ್ತಾರೆ. ಲೆಕ್ಕ ಹಾಕಿ ನೋಡೋಣ. ಕೊನೆವರೆಗೂ ಉಳಿದವರು ತಲಾ 60 ಡಾಲರ್ ಹಾಕಿದ್ದಾರೆ ಅಂದುಕೊಳ್ಳಿ. ಮೊದಲೇ ಎಲೆ ಕೆಳಗಿಟ್ಟವರ ಚಿಲ್ಲರೆ ಬಿಟ್ಟುಬಿಡೋಣ.

ಇಬ್ಬರೇ ಉಳಿದರೆ ಪಾಟ್ 120. ಅರ್ಧ ಅಂದರೆ 60. ಹಾಕಿದ್ದೂ 60. ಲಾಭ ಸೊನ್ನೆ. ಇಡೀ ಪಾಟ್ ಗೆದ್ದರೆ ಲಾಭ 60.

ಮೂವರು ಉಳಿದರೆ ಪಾಟ್ 180. ಅರ್ಧ 90, ಲಾಭ 30. ಇಡೀ ಪಾಟ್ ಗೆದ್ದರೆ ಲಾಭ 120.

ನಾಲ್ವರಾದರೆ ಪಾಟ್ 240. ಅರ್ಧ 120, ಲಾಭ 60. ಇಡೀ ಪಾಟ್ ಗೆದ್ದರೆ 180.

ನೋಡಿ, ಮೂವರಿದ್ದಾಗ ಇಡೀ ಪಾಟ್ ಅರ್ಧ ಪಾಟಿನ ಎರಡರಷ್ಟು, ಆದರೆ ಲಾಭ ನಾಲ್ಕರಷ್ಟು. ಇಬ್ಬರೇ ಇದ್ದಾಗ ಅರ್ಧ ಗೆದ್ದವರಿಗೆ ಕೈಗೆ ಬಂದದ್ದು ಅವರದೇ ದುಡ್ಡು. ಕಾಸಿನೊದಲ್ಲಿ ಆಡ್ತಿದ್ದರೆ ಅಷ್ಟೂ ಬರಲ್ಲ, ಯಾಕಂದ್ರೆ ಮೇಜು ನಡೆಸೋರು ಪ್ರತಿ ಪಾಟಿನಿಂದ ತಮ್ಮ ಪಾಲು ತೆಗೆದುಕೊಂಡಿರ್ತಾರೆ.

ಇನ್ನೊಂದು ಅಪಾಯ ಇದೆ. ಇಬ್ಬರಿಗೆ ಒಂದೇ ರೀತಿಯ ಲೋ ಬಂದರೆ ಲೋ ಪಾಲಿನ ಅರ್ಧವನ್ನೂ ಅವರಿಬ್ಬರು ಹಂಚಿಕೋಬೇಕು. ಮೂವರ ಆಟದಲ್ಲಿ 180ರ ಕಾಲು ಭಾಗ 45. ಹಾಕಿದ್ದು 60. "ಗೆದ್ದೆ" ಅಂತ ಹೇಳಿಕೊಂಡೇ 15 ಡಾಲರ್ ಕಳಕೊಂಡ ಹಾಗಾಯ್ತು.

ಇಡೀ ಪಾಟ್ ಬಾಚಿಕೊಳ್ಳೋದಕ್ಕೆ ಆಟಗಾರರು ಸ್ಕೂಪ್ ಅಂತಾರೆ. ಈ ಆಟದ ಎಲ್ಲ ನಿರ್ಧಾರಗಳ ಹಿಂದೆ ಇರಬೇಕಾದ ಪ್ರಶ್ನೆ ಇದು: ಈ ಕೈಯಲ್ಲಿ ಸ್ಕೂಪ್ ಆಗೋ ದಾರಿ ಇದೆಯಾ?

ಶುರುವಿನ ಮೂರು ಎಲೆ

ಮೊದಲ ಮೂರು ಎಲೆ ನೋಡಿ ಆಡಬೇಕಾ ಬೇಡ್ವಾ ಅಂತ ತೀರ್ಮಾನಿಸಬೇಕು. ಎರಡು ಕೈ ಹೋಲಿಸೋಣ. ಒಂದು, ಎಕ್ಕ-4-7. ಇನ್ನೊಂದು, ರಾಜ-ರಾಜ-4. ಬೇರೆಯವರ ಎಲೆ ಸದ್ಯಕ್ಕೆ ಲೆಕ್ಕಕ್ಕಿಲ್ಲ.

ಎಕ್ಕ-4-7 ಇದ್ದವರಿಗೆ ಇನ್ನು ಬರೋ ನಾಲ್ಕು ಎಲೆಯಲ್ಲಿ ಕನಿಷ್ಠ ಎರಡು ಹೊಸ ಚಿಕ್ಕ ಎಲೆ ಬೇಕು. ಉಳಿದ 49 ಎಲೆಗಳಿಂದ ನಾಲ್ಕನ್ನ ಆರಿಸೋ ರೀತಿಗಳು 2,11,876. ಅದರಲ್ಲಿ ಲೋ ಆಗೋವು 1,02,280. ಅಂದರೆ ಸುಮಾರು 48%. ಎರಡು ರಾಜ ಇಟ್ಟುಕೊಂಡವರಿಗೆ ಲೋ ಆಗಬೇಕಾದರೆ ಬರೋ ನಾಲ್ಕೂ ಎಲೆ ಚಿಕ್ಕದಾಗಿ, ಬೇರೆ ಬೇರೆಯಾಗಿ ಇರಬೇಕು. ಅದರ ಸಾಧ್ಯತೆ ಸುಮಾರು 4% ಅಷ್ಟೆ.

ಹೋಲ್ಡೆಮ್ ಆಡಿ ಬಂದವರಿಗೆ ಎರಡು ರಾಜ ಅಂದರೆ ಹಬ್ಬ. ಇಲ್ಲಿ ಆ ಕೈಗೆ ಬಹುತೇಕ ಒಂದೇ ದಾರಿ. ಎದುರಿನವರಿಗೆ ಲೋ ಆದರೆ ಅರ್ಧ ಹೋಯ್ತು. ಚಿಕ್ಕ ಎಲೆಗಳವರಿಗೆ ಹಾಗಲ್ಲ. ಚಿಕ್ಕ ಎಲೆಗಳೇ ಸಾಲಾಗಿ ಕೂತರೆ ಸ್ಟ್ರೇಟ್, ಒಂದೇ ಗುರುತಿನವಾದರೆ ಫ್ಲಶ್, ಇನ್ನೊಂದು ಎಕ್ಕ ಬಂದರೆ ಎಕ್ಕದ ಜೋಡಿ. ಚಿಕ್ಕ ಕೈ ದೊಡ್ಡದಾಗಬಹುದು, ದೊಡ್ಡ ಕೈ ಚಿಕ್ಕದಾಗೋದು ಅಪರೂಪ. ಆದ್ದರಿಂದ 4-5-6, ಅಥವಾ ಒಂದೇ ಗುರುತಿನ ಎಕ್ಕ-2-3, ಇಂಥ ಕೈಗಳು ಇಲ್ಲಿ ಬೆಲೆಬಾಳುತ್ತವೆ. 9-10-ಗುಲಾಮ ಬಂದರೆ ನೋಡೋಕೆ ಚೆಂದ, ಆಡೋಕೆ ಕಷ್ಟ.

ನಾಲ್ಕು, ಐದು: ನಿಲ್ಲೋ ಜಾಗ

ಎಕ್ಕ-4-7 ಹಿಡಿದು ಒಳಗೆ ಬಂದಿದ್ದೀರಿ. ನಾಲ್ಕನೇ ಎಲೆ 3 ಬಂದರೆ ಲೋ ಆಗೋ ಸಾಧ್ಯತೆ 48ರಿಂದ 71%ಗೆ ಏರುತ್ತೆ. ಅದೇ ರಾಜ ಬಂದರೆ 32%ಗೆ ಇಳಿಯುತ್ತೆ. ಒಂದೇ ಎಲೆಯಲ್ಲಿ ಇಷ್ಟು ವ್ಯತ್ಯಾಸ.

ಐದನೇ ಎಲೆಯೂ ಕೈಕೊಟ್ಟಿತು, ರಾಣಿ ಬಂತು ಅನ್ನಿ. ಈಗ ಕೈಯಲ್ಲಿ ಎಕ್ಕ-4-7-ರಾಜ-ರಾಣಿ. ಉಳಿದಿರೋ ಎರಡೂ ಎಲೆ ಸರಿಯಾಗಿ ಬೀಳಬೇಕು. ಸಾಧ್ಯತೆ 15%ಗಿಂತ ಸ್ವಲ್ಪ ಕಡಿಮೆ. ಸಾಧ್ಯತೆ ಇಲ್ಲಿಗೆ ಇಳಿದಿರೋ ಹೊತ್ತಿಗೇ ಪಣ 10ರಿಂದ 20ಕ್ಕೆ ಏರಿರುತ್ತೆ. ಹತ್ತಿ ಬೆಳೆದರೆ ಅಜ್ಜಿಗೆ ಪಟ್ಟೆ ಸೀರೆ ಅಂತಾರಲ್ಲ, ಆ ಲೆಕ್ಕ. ಅದೂ ಸೀರೆ ಅರ್ಧವೇ! ಮೊದಲು ಹಾಕಿದ ಹಣ ಹೋಯ್ತಲ್ಲ ಅನ್ನೋ ಸಂಕಟಕ್ಕೆ ಮುಂದಿನ ಹಣ ಹಾಕಬಾರದು. ಪಾಟಿನಲ್ಲಿ ಇರೋದು ಆಗಲೇ ನಿಮ್ಮದಲ್ಲ.

ಮಡಚಿಟ್ಟ ಎಲೆಗಳ ಬೆಲೆ

ಈಗ ಪಾಠದ ಮುಖ್ಯ ಲೆಕ್ಕಕ್ಕೆ ಬರೋಣ. ಆರು ಎಲೆ ಬಂದಿದೆ. ನಿಮ್ಮ ಹತ್ತಿರ ಎಕ್ಕ-3-4-7, ಜೊತೆಗೆ ಕೆಲಸಕ್ಕೆ ಬಾರದ ರಾಣಿ ಮತ್ತು 10. ಫ್ಲಶ್ ಆಗೋ ದಾರಿ ಇಲ್ಲ, ಒಂದು ಎಲೆಯಿಂದ ಸ್ಟ್ರೇಟ್ ಕೂಡ ಆಗಲ್ಲ. ಎದುರಿಗೆ ಒಬ್ಬರೇ. ಅವರ ತೆರೆದ ಎಲೆ ರಾಜ, ರಾಜ, ಗುಲಾಮ, 5. ಅವರ ಕೈಯಲ್ಲಿ ಎರಡು ಜೋಡಿ ಇದೆ ಅಂತ ಇಟ್ಟುಕೊಳ್ಳಿ. ತೆರೆದದ್ದರಲ್ಲಿ ಚಿಕ್ಕ ಎಲೆ ಒಂದೇ ಇರೋದರಿಂದ ಅವರಿಗೆ ಲೋ ಆಗೋದು ಅಸಾಧ್ಯ. ಅಂದರೆ ನಿಮಗೆ ಸಿಕ್ಕರೆ ಲೋ ಪಾಲು, ಇಲ್ಲದಿದ್ದರೆ ಏನೂ ಇಲ್ಲ.

ಪಾಟಿನಲ್ಲಿ 80 ಡಾಲರ್ ಇದೆ. ಅವರು 20 ಕಟ್ಟಿದರು. ನೀವೂ 20 ಹಾಕಿದರೆ 120. ನಿಮಗೆ ಲೋ ಆದರೆ ಬರೋದು 60. ಇಪ್ಪತ್ತು ಹಾಕಿ ಅರವತ್ತು ಪಡೆಯೋ ಆಟ ನಷ್ಟವಾಗಬಾರದು ಅಂದರೆ ಮೂರರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ಇಡೀ 120 ಸಿಗೋ ಆಟವಾಗಿದ್ದರೆ ಆರರಲ್ಲಿ ಒಂದು ಸಲ ಸಾಕಿತ್ತು. ಪಾಟ್ ಅರ್ಧವಾದಾಗ ಬೇಕಾದ ಸಾಧ್ಯತೆ ಎರಡರಷ್ಟಾಯ್ತು. ಕೊನೆಯ ಸುತ್ತಿನ ಪಣದ ಚಿಂತೆ ಬೇಡ. ಲೋ ಆದರೆ ಇಬ್ಬರೂ ಹಾಕಿದ್ದನ್ನ ವಾಪಸ್ ತಗೋತೀರಿ, ಆಗದಿದ್ದರೆ ನೀವು ಎಲೆ ಕೆಳಗಿಡ್ತೀರಿ.

ನೀವು ಕಂಡ ಎಲೆ ಎಷ್ಟು? ನಿಮ್ಮದು 6, ಎದುರಿನವರ ತೆರೆದದ್ದು 4, ಮೊದಲ ಸುತ್ತಿನಲ್ಲೇ ಹೊರಹೋದ ಆರು ಜನರ ತೆರೆದ ಎಲೆ 6. ಒಟ್ಟು 16. ಕಾಣದೇ ಇರೋದು 36. ಮೂರರಲ್ಲಿ ಒಂದು ಅಂದರೆ ಈ 36ರಲ್ಲಿ 12 ಎಲೆಯಾದರೂ ನಿಮಗೆ ಉಪಯೋಗಕ್ಕೆ ಬರಬೇಕು. ಬೇಕಾಗಿರೋದು 2, 5, 6, 8. ಕಟ್ಟಿನಲ್ಲಿ ಇವು ಒಟ್ಟು 16. ಎದುರಿನವರ ಮುಂದೆ ಒಂದು 5 ಬಿದ್ದಿದೆ, ಉಳಿದದ್ದು 15.

ಹೊರಹೋದವರ ಎಲೆ ರಾಜ, ರಾಣಿ, ಗುಲಾಮ, 10, 9, 9 ಆಗಿದ್ದರೆ ಹದಿನೈದೂ ಜೀವಂತ. 36ರಲ್ಲಿ 15, ಸುಮಾರು 42%. ಸರಾಸರಿ ಬರೋದು 25 ಡಾಲರ್, ಹಾಕೋದು 20. ಪ್ರತಿ ಸಲ 5 ಡಾಲರ್ ಲಾಭ. ಧಾರಾಳವಾಗಿ ಆಡಿ.

ಹೊರಹೋದವರ ಎಲೆ 2, 6, 8, 8, 9, ರಾಣಿ ಆಗಿದ್ದರೆ ನಾಲ್ಕು ಎಲೆ ಸತ್ತಿವೆ. ಉಳಿದದ್ದು 11. ಹನ್ನೆರಡಕ್ಕೆ ಒಂದು ಕಡಿಮೆ. ಸರಾಸರಿ ಬರೋದು 18 ಡಾಲರ್ 33 ಸೆಂಟ್. ಪ್ರತಿ ಸಲ ಸುಮಾರು 1 ಡಾಲರ್ 67 ಸೆಂಟ್ ನಷ್ಟ. ಎಲೆ ಕೆಳಗಿಡಿ.

ಅದೇ ಕೈ, ಅದೇ ಪಾಟ್, ಅದೇ ಎದುರಾಳಿ. ಉತ್ತರ ಬದಲಾಗಿದ್ದು ಹತ್ತು ನಿಮಿಷ ಮುಂಚೆ ಯಾರೋ ಮಡಚಿಟ್ಟ ಎಲೆಗಳಿಂದ. ಸ್ಟಡ್‌ನಲ್ಲಿ ಎಲೆ ಕೆಳಗಿಟ್ಟ ಕೂಡಲೇ ಡೀಲರ್ ಅದನ್ನ ಎತ್ತಿಬಿಡ್ತಾರೆ. ನೆನಪಿಟ್ಟುಕೊಂಡವರಿಗೆ ಮಾತ್ರ ಆ ಮಾಹಿತಿ. ಆಟಕ್ಕೆ ಹೊಸಬರಾದರೆ ಬ್ಲಫ್ ಕಲಿಯೋ ಮುಂಚೆ ಈ ಅಭ್ಯಾಸ ಮಾಡಿಕೊಳ್ಳಿ: ಮೊದಲ ಸುತ್ತಿನಲ್ಲಿ ಎಷ್ಟು ಚಿಕ್ಕ ಎಲೆ, ಎಷ್ಟು ಎಕ್ಕ ಹೋದವು ಅಂತ ಮನಸ್ಸಿನಲ್ಲೇ ಎಣಿಸೋದು.

ಎರಡು ದಾರಿ ಇರೋ ಕೈ

ಅದೇ ಸನ್ನಿವೇಶದಲ್ಲಿ ನಿಮ್ಮ ನಾಲ್ಕು ಚಿಕ್ಕ ಎಲೆ ಎಕ್ಕ-3-4-7ರ ಬದಲು 4-5-6-7 ಅಂದುಕೊಳ್ಳಿ. 3 ಅಥವಾ 8 ಬಂದರೆ ಲೋ ಕೂಡ ಆಯ್ತು, ಸ್ಟ್ರೇಟ್ ಕೂಡ ಆಯ್ತು. ಎರಡು ಜೋಡಿಯನ್ನ ಸ್ಟ್ರೇಟ್ ಸೋಲಿಸುತ್ತೆ, ಇಡೀ 120 ನಿಮ್ಮದು. ಎಕ್ಕ ಅಥವಾ 2 ಬಂದರೆ ಲೋ ಮಾತ್ರ, 60. ಯಾವ ಎಲೆಯೂ ಸತ್ತಿಲ್ಲದಿದ್ದರೆ 36ರಲ್ಲಿ 8 ಸಲ 120, 8 ಸಲ 60. ಸರಾಸರಿ 40 ಡಾಲರ್. ಹಾಕಿದ್ದು 20, ಲಾಭ 20. ಹಿಂದಿನ ಕೈಯ ಲಾಭ 5 ಇತ್ತು, ನೆನಪಿದೆಯಲ್ವಾ?

ಆ ಕೆಟ್ಟ ಸಂದರ್ಭವನ್ನೇ ಮತ್ತೆ ತಗೊಳ್ಳಿ. 2, 8, 8 ಸತ್ತಿವೆ. 6 ಕೂಡ ಹೋಗಿದೆ, ಆದರೆ ಅದು ಈಗ ನಮಗೆ ಬೇಕಿಲ್ಲ. ಆಗ 6 ಸಲ 120, 7 ಸಲ 60. ಸರಾಸರಿ 31 ಡಾಲರ್ 67 ಸೆಂಟ್. ಆಗಲೂ 11 ಡಾಲರ್ 67 ಸೆಂಟ್ ಲಾಭ. ಒಂದೇ ದಾರಿಯ ಕೈ ಎಲ್ಲಿ ನಷ್ಟಕ್ಕೆ ಬಿತ್ತೋ, ಎರಡು ದಾರಿಯ ಕೈ ಅಲ್ಲೂ ಲಾಭದಲ್ಲೇ ಇದೆ.

ಯಾರು ರೈಸ್ ಮಾಡಬೇಕು?

ಪಣ ಏರಿಸೋದಕ್ಕೆ ರೈಸ್ ಅಂತಾರೆ. ನಿಮ್ಮ ಅರ್ಧ ಭದ್ರವಾಗಿದ್ದು, ಉಳಿದರ್ಧಕ್ಕೂ ಅವಕಾಶ ಇದ್ದರೆ ಏರಿಸಿ. ಈಗಷ್ಟೇ ನೋಡಿದ ಮೊದಲ ಉದಾಹರಣೆಯಲ್ಲಿ ಆ ಜಾಗದಲ್ಲಿದ್ದವರು ರಾಜನ ಜೋಡಿಯವರು. ಅವರ ದೊಡ್ಡ ಪಾಲು ಭದ್ರ, ನಿಮಗೆ ಲೋ ತಪ್ಪಿದರೆ ಇಡೀ ಪಾಟ್ ಅವರದು. ಆದ್ದರಿಂದ ಅವರು 20 ಕಟ್ಟಿದ್ದು ಸರಿ. ಅದೇ ನಿಮಗೆ ಐದನೇ ಎಲೆಗೇ ಲೋ ಆಗಿದ್ದು, ಸ್ಟ್ರೇಟ್ ಆಗೋ ದಾರಿಯೂ ತೆರೆದಿದ್ದರೆ ತಕ್ಕಡಿ ನಿಮ್ಮ ಕಡೆ ವಾಲುತ್ತೆ. ನೀವು ಎಷ್ಟು ಏರಿಸಿದರೂ ನಿಮ್ಮ ಹಣಕ್ಕೆ ಅಪಾಯ ಇಲ್ಲ, ಅವರಿಗೆ ಅತ್ಯುತ್ತಮ ಫಲಿತಾಂಶ ಅಂದರೆ ಹಾಕಿದ್ದು ವಾಪಸ್. ಇದಕ್ಕೆ ಫ್ರೀರೋಲ್ ಅಂತ ಹೆಸರು.

ಮೂವರಿದ್ದು, ಇಬ್ಬರು ಲೋಗೆ ಪೈಪೋಟಿ ಮಾಡ್ತಿದ್ದು, ದೊಡ್ಡ ಕೈ ನಿಮ್ಮೊಬ್ಬರದೇ ಆಗಿದ್ದರೆ ಆಗಲೂ ಏರಿಸಿ. ಮೂವರೂ 20 ಹಾಕಿದರೆ 60, ನಿಮ್ಮ ಪಾಲು 30. ಪ್ರತಿ ಸುತ್ತಿಗೆ 10 ಲಾಭ. ಅದೇ ನೀವು ಲೋ ಕಡೆಯ ಇಬ್ಬರಲ್ಲಿ ಒಬ್ಬರಾಗಿ, ಇಬ್ಬರ ಲೋ ಒಂದೇ ಥರ ಇರಬಹುದು ಅನ್ನಿಸಿದರೆ ಹುಷಾರು. 20 ಹಾಕಿ 15 ಪಡೆಯೋ ಸ್ಥಿತಿ ಅದು. ಇಬ್ಬರೇ ಉಳಿದು, ಪಾಟ್ ಹಂಚಿಕೆಯಾಗೋದು ಇಬ್ಬರಿಗೂ ಖಚಿತವಾಗಿದ್ದರೆ ಏರಿಸಿ ಏನೂ ಪ್ರಯೋಜನ ಇಲ್ಲ.

ಜೀವವಿಜ್ಞಾನದವರಿಗೆ ಇದು ಪರಿಚಿತ ತರ್ಕ. 1944ರಲ್ಲಿ ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ ಬರೆದ ಗೇಮ್ ಥಿಯರಿ ಗ್ರಂಥದಲ್ಲಿ ಪೋಕರ್‌ಗೆ ಒಂದು ವಿಭಾಗವೇ ಇದೆ. ಆ ಗಣಿತವನ್ನ ಪ್ರಾಣಿಗಳ ಕಾದಾಟಕ್ಕೆ ಹಚ್ಚಿ ಮೇನಾರ್ಡ್ ಸ್ಮಿತ್ ಮತ್ತು ಪ್ರೈಸ್ 1973ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಮುಂದೆ ಗಿಡುಗ–ಪಾರಿವಾಳ ಮಾದರಿ ಅಂತ ಹೆಸರಾದದ್ದು ಆ ದಾರಿಯಲ್ಲೇ ಬಂತು. ಅಲ್ಲಿಯ ಪ್ರಶ್ನೆಯೂ ಇದೇ: ಸಿಗೋ ಆಹಾರ ಅಥವಾ ಜಾಗ ಕೊನೆಗೆ ಹಂಚಿಕೆಯಾಗೋದಾದರೆ, ಅದಕ್ಕಾಗಿ ಎಷ್ಟು ಗಾಯ ಮಾಡಿಕೊಳ್ಳೋದು ಲಾಭ? ಅರ್ಧಕ್ಕಾಗಿ ಇಡೀ ಬೆಲೆ ತೆರೋ ಪ್ರಾಣಿಯ ಸಂತತಿ ಹೆಚ್ಚು ಕಾಲ ಉಳಿಯಲ್ಲ.

ಕೌಶಲವೋ ಅದೃಷ್ಟವೋ?

ಇಷ್ಟು ಲೆಕ್ಕ ಇರೋ ಆಟ ಕೌಶಲದ್ದು ಅಂತ ನಿಮಗೆ ಅನ್ನಿಸಬಹುದು. ಆದರೆ ಎಲ್ಲಿ ಕೂತು ಆಡ್ತೀರಿ ಅನ್ನೋದರ ಮೇಲೆ ಕಾನೂನಿನ ಉತ್ತರ ಬೇರೆ. ವಾಷಿಂಗ್ಟನ್ ಸುತ್ತಮುತ್ತಲಿನವರಿಗೆ ಮೇರಿಲ್ಯಾಂಡ್‌ನಲ್ಲಿ ದಾರಿ ಇದೆ. 2012ರ ನವೆಂಬರ್‌ನಲ್ಲಿ ಅಲ್ಲಿಯ ಮತದಾರರು ಕಾಸಿನೊಗಳಲ್ಲಿ ಮೇಜಿನ ಆಟಗಳಿಗೆ ಒಪ್ಪಿಗೆ ಕೊಟ್ಟರು. ನ್ಯಾಷನಲ್ ಹಾರ್ಬರ್‌ನ ಎಂಜಿಎಂ 2016ರ ಡಿಸೆಂಬರ್‌ನಲ್ಲಿ ತೆರೆಯಿತು. ನಾರ್ತ್ ಕ್ಯಾರೊಲೈನಾದಲ್ಲಿ ಈಸ್ಟರ್ನ್ ಬ್ಯಾಂಡ್ ಚೆರೊಕೀ ಸಮುದಾಯದ ಕಾಸಿನೊ ಪಶ್ಚಿಮದ ಬೆಟ್ಟಗಳಲ್ಲಿ 1997ರಿಂದ ಇದೆ. ಅಟ್ಲಾಂಟಾದವರು ಗಮನಿಸಿ, ಜಾರ್ಜಿಯಾ ಕಾನೂನಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡೋದೇ ಅಪರಾಧ.

ಸೌತ್ ಕ್ಯಾರೊಲೈನಾದ ಕಥೆ ಇನ್ನೂ ಸ್ವಾರಸ್ಯ. 2006ರಲ್ಲಿ ಚಾರ್ಲ್ಸ್ಟನ್ ಪಕ್ಕದ ಮೌಂಟ್ ಪ್ಲೆಸೆಂಟ್‌ನಲ್ಲಿ ಒಂದು ಮನೆಯ ಪೋಕರ್ ಆಟದ ಮೇಲೆ ಪೊಲೀಸರು ದಾಳಿ ಮಾಡಿದರು. ಹೋಲ್ಡೆಮ್ ಕೌಶಲದ ಆಟ ಅನ್ನೋ ಸಾಕ್ಷ್ಯವನ್ನ ಕೆಳಗಿನ ನ್ಯಾಯಾಲಯ ಒಪ್ಪಿಕೊಂಡಿತು, ಆದರೂ ಆಟಗಾರರನ್ನ ತಪ್ಪಿತಸ್ಥರು ಅಂದಿತು. ಮೇಲ್ಮನವಿಗಳೆಲ್ಲ ಮುಗಿದು 2012ರ ನವೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಮೂಲ ಕಾನೂನು 1802ರದು.

ನಮ್ಮ ಊರಿನಲ್ಲೂ ಇದೇ ಜಗ್ಗಾಟ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಹಣ ಕಟ್ಟೋ ಕೌಶಲದ ಆಟಗಳನ್ನೂ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಹಣದ ಆನ್‌ಲೈನ್ ಆಟಗಳನ್ನ, ಕೌಶಲವಿರಲಿ ಅದೃಷ್ಟವಿರಲಿ, ಒಟ್ಟಾಗಿ ನಿಷೇಧಿಸಿತು.

ಗಣಿತದ ಕಡೆಯಿಂದ ನಾನು ಹೇಳಬಹುದಾದದ್ದು ಇಷ್ಟು. 36ರಲ್ಲಿ 15 ಅಂದರೆ ಒಳ್ಳೇ ನಿರ್ಧಾರ, ಆದರೂ ಆ ಕೈ 36ರಲ್ಲಿ 21 ಸಲ ಸೋಲುತ್ತೆ. ಕೌಶಲ ನಿರ್ಧಾರದಲ್ಲಿದೆ, ಫಲಿತಾಂಶದಲ್ಲಿ ಅಲ್ಲ. ಸಾವಿರಾರು ಕೈ ಆಡಿದ ಮೇಲೆ ಮಾತ್ರ ಎರಡೂ ಹತ್ತಿರ ಬರುತ್ತವೆ. ಅಷ್ಟರಲ್ಲಿ ಮನೆ ಬಾಡಿಗೆಯ ಹಣ ಮೇಜಿನ ಮೇಲಿದ್ದರೆ ಯಾವ ಗಣಿತವೂ ಕಾಪಾಡಲ್ಲ. ಬೆಂಕಿಪೆಟ್ಟಿಗೆ ಕಡ್ಡಿಗಳನ್ನ ಪಣಕ್ಕಿಟ್ಟು ಆಡಿದರೂ ಈ ಪಾಠ ಅಷ್ಟೇ ಚೆನ್ನಾಗಿ ಕಲೀಬಹುದು. ಆಟ ಕೈಮೀರಿದೆ ಅಂತ ನಿಮಗೋ ಮನೆಯವರಿಗೋ ಅನ್ನಿಸಿದರೆ ಅಮೆರಿಕದಲ್ಲಿ 1-800-426-2537 ಸಹಾಯವಾಣಿಗೆ ಕರೆ ಮಾಡಿ.

ಮನೆಗೆಲಸ ಒಂದು ಕೊಡ್ತೀನಿ. ಅದೇ 80 ಡಾಲರ್ ಪಾಟ್, ಅದೇ 20ರ ಪಣ, ಎದುರಿಗೆ ಅದೇ ರಾಜ-ರಾಜ-ಗುಲಾಮ-5. ಹೊರಹೋದವರಲ್ಲಿ ಚಿಕ್ಕ ಎಲೆ ಇಲ್ಲ. ನಿಮ್ಮ ಹತ್ತಿರ ಎಕ್ಕ-2-3-4, ಜೊತೆಗೆ ರಾಣಿ, 10. ಸರಾಸರಿ ಲಾಭ ಎಷ್ಟು? 5 ಬಂದರೆ ಮಾತ್ರ ಸ್ಕೂಪ್, ಅದರಲ್ಲಿ ಒಂದು ಆಗಲೇ ಸತ್ತಿದೆ. ಉತ್ತರ 10 ಡಾಲರ್ ಬಂದರೆ ಲೆಕ್ಕ ಸರಿ. ನೋಡೋಕೆ ಅತಿ ಸುಂದರವಾದ ಎಕ್ಕ-2-3-4, ಈ ಎದುರಾಳಿಯ ಮುಂದೆ 4-5-6-7ರ ಅರ್ಧದಷ್ಟೇ ಗಳಿಸುತ್ತೆ. ಯಾಕೆ ಅಂತ ಯೋಚಿಸಿ. ಎದುರಾಳಿಯೂ ಲೋ ಕಡೆಯವರಾಗಿದ್ದರೆ ಏನಾಗುತ್ತೆ ಅಂತಲೂ ಯೋಚಿಸಿ.